ಐದರಲ್ಲಿ ಒಂದು ಪಾಲು

ನವೆಂಬರ್ 12

ಮಾವನಿಗೆ ಚೂಟಿಯ ನಮಸ್ಕಾರ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರೋ ಇಲ್ಲವೋ ಅತ್ತೆಯೇ ಬರೆಯಲಿ. ನಿಮ್ಮ ಬಾಯಿಂದ ಬಂದದ್ದಕ್ಕೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂಬುದು ನಿಮ್ಮ ಮನೆಯಲ್ಲೇ ಬೆಳೆದ ನನಗೂ ಇನ್ನೂ ಬಗೆಹರಿದಿಲ್ಲ. ಕಾರ್ಖಾನೆಯ ಗೇಟಿನೊಳಗೆ ಫೋನ್ ಬಿಡುವುದಿಲ್ಲ. ಸಂಜೆ ಹೊರಗೆ ಬಂದು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಆದ್ದರಿಂದ ನೀವಿರುವ ಹೆಡ್ಡಾಫೀಸಿಗೆ ವಾರಕ್ಕೊಮ್ಮೆ ಹೊರಡುವ ಡ್ರಾಯಿಂಗ್ ಚೀಲದಲ್ಲಿ ಈ ಕಾಗದ ತುರುಕುತ್ತಿದ್ದೇನೆ.

ಇಲ್ಲಿ ನಮ್ಮ ಆಫೀಸೆಂದರೆ ಒಂದು ತಗಡಿನ ಡಬ್ಬಿ. ಮೇಜಿನ ಒಂದು ಕಾಲು ಗಿಡ್ಡ, ಅದರಡಿಗೆ ಇಟ್ಟಿಗೆ ಚೂರು. ಕಿಟಕಿಯಾಚೆ ಮೂರಂತಸ್ತಿನ ಕಬ್ಬಿಣದ ಚೌಕಟ್ಟು, ಅದರ ನಡುವೆ ನಾನು ಕಾಗದದ ಮೇಲೆ ಲೆಕ್ಕ ಹಾಕಿದ ರಿಯಾಕ್ಟರ್ ಪಾತ್ರೆ ನಿಜವಾಗಿ ನಿಂತಿದೆ. ಮೊದಲ ದಿನ ಹೋಗಿ ಮುಟ್ಟಿ ನೋಡಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ನಿನ್ನೆ ಆಪರೇಟರುಗಳಿಗೆ ಪಾಠ ಮಾಡಿದೆ. ದೊಡ್ಡ ಪಾತ್ರೆಯಲ್ಲಿ ಒಂದು ದ್ರವ ಇರುತ್ತೆ, ಇನ್ನೊಂದನ್ನು ವಾಲ್ವ್ ತಿರುಗಿಸಿ ಸಣ್ಣಗೆ ಬಿಡಬೇಕು, ಎರಡೂ ಸೇರಿದರೆ ಬಿಸಿ ಹುಟ್ಟುತ್ತೆ, ಆ ಬಿಸಿಯನ್ನು ಪಕ್ಕದ ಕೂಲರಿನ ನೀರು ಹೊತ್ತೊಯ್ಯುತ್ತೆ ಎಂದೆ. ಅವರಲ್ಲೊಬ್ಬಾಕೆಯನ್ನು ಎಲ್ಲರೂ ಆಪರೇಟರಮ್ಮ ಎಂದು ಕರೆಯುತ್ತಾರೆ. ಇಬ್ಬರು ಮಕ್ಕಳ ತಾಯಿ, ಮಾತು ಕಡಿಮೆ. ಆಕೆ ಕೈಯೆತ್ತಿದಳು.

"ನೀರು ಹೊತ್ಕೊಂಡು ಹೋಗ್ಲಿಲ್ಲ ಅಂದ್ರೆ?"

"ಬಿಸಿಗೆ ವೇಗ ಜಾಸ್ತಿ ಆಗತ್ತೆ, ವೇಗಕ್ಕೆ ಬಿಸಿ ಜಾಸ್ತಿ ಆಗತ್ತೆ. ಆಮೇಲೆ ಹಿಡಿಯೋಕಾಗಲ್ಲ."

"ಆವಾಗ ನಾವೆಲ್ಲಿ ಇರ್ತೀವಿ?"

"ಅದರ ಪಕ್ಕದಲ್ಲೇ. ಅದಕ್ಕೇ ಇಷ್ಟು ದೊಡ್ಡ ಕೂಲರ್ ಇಟ್ಟಿರೋದು, ಬನ್ನಿ ತೋರಿಸ್ತೀನಿ" ಎಂದು ಜಂಬದಿಂದ ಕರೆದುಕೊಂಡು ಹೋದೆ. ಅದರ ಹಿತ್ತಾಳೆ ಫಲಕ ಓದಿದೆ. ಬಿಸಿ ಎಳೆದುಕೊಳ್ಳುವ ಮೈಯಳತೆ ತೊಂಬತ್ತಾರು ಚದರ ಮೀಟರ್ ಎಂದು ಕೊರೆದಿದ್ದಾರೆ.

ಮಾವ, ನಾನು ಕೊಟ್ಟದ್ದು ನೂರ ಇಪ್ಪತ್ತು. ನಮ್ಮ ಡಿಸೈನ್ ಬಾಸನ್ನು ಕೇಳಿದರೆ, "ವೆಚ್ಚ ಇಳಿಸೋ ಮೀಟಿಂಗ್‌ನಲ್ಲಿ ನಿಮ್ಮ ಮಾವ ಕತ್ತರಿ ಹಾಕಿದ್ರು, ನಾನು ಸೈನ್ ಮಾಡಿದೆ. ನೀನು ರಜದಲ್ಲಿದ್ದೆ" ಎನ್ನುತ್ತಾರೆ. ಹೌದೇ?

ಚೂಟಿ


ನವೆಂಬರ್ 20

ಚೂಟೀ,

ಡ್ರಾಯಿಂಗ್ ಸುರುಳಿ ಬಿಚ್ಚಿದರೆ ಒಳಗಿಂದ ಸೊಸೆ ಬಿದ್ದಳು. ನಮ್ಮಕ್ಕನೂ, ಅಂದರೆ ನಿಮ್ಮಮ್ಮನೂ ಹೀಗೇ ಇದ್ದಳು. ಅರ್ಧ ಪುಟ ಪ್ರೀತಿ, ಆಮೇಲೆ ವಿಚಾರಣೆ. ಇದ್ದಿದ್ದರೆ ನಿನ್ನನ್ನು ನೋಡಿ ಖುಷಿಪಡುತ್ತಿದ್ದಳು.

ಹೌದು, ಕತ್ತರಿಸಿದ್ದೇನೆ. ಅದಕ್ಕೆ ತಾನೇ ನನಗೆ ಸಂಬಳ? ಇಡೀ ಆಫೀಸು ನನ್ನನ್ನು ಕತ್ತರಿ ಎಂದು ಕರೆಯುವುದು ನನ್ನ ಚಂದಕ್ಕಲ್ಲ. ನೀವು ಡಿಸೈನಿನವರು ಯಾವತ್ತೂ ಬೇಕಾದ್ದಕ್ಕಿಂತ ದೊಡ್ಡದನ್ನೇ ಬರೆಯುತ್ತೀರಿ, ನಾಳೆ ಕಡಿಮೆ ಬಿದ್ದರೆ ನಿಮ್ಮ ತಲೆಗೆ ಬರಬಾರದಲ್ಲ. ಕತ್ತರಿ ಕತ್ತರಿಸುತ್ತಾನೆ ಎಂದು ಗೊತ್ತಿರುವುದರಿಂದ ಮೇಲಿಷ್ಟು ಸೇರಿಸುತ್ತೀರಿ. ನೀವು ಸೇರಿಸುತ್ತೀರೆಂದು ಗೊತ್ತಿರುವುದರಿಂದ ನಾನು ಐದರಲ್ಲಿ ಒಂದು ಪಾಲು ತೆಗೆಯುತ್ತೇನೆ. ಎರಡು ಕಡೆಯ ಕಳ್ಳತನವೂ ಸೇರಿ ಕೊನೆಗೆ ಸರಿಯಾದ ಅಳತೆಯ ಕಾರ್ಖಾನೆ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ನಡೆದಿರುವುದು ಹೀಗೆಯೇ, ಯಾವುದೂ ಬಿದ್ದಿಲ್ಲ.

ನಿನಗೆ ಒಂದು ಕೂಲರ್ ಅಂದರೆ ಒಂದು ಕೂಲರ್. ನನಗೆ ಹಾಗಲ್ಲ. ಅದರ ಹಿಂದೆ ಪೈಪು, ಪಾಯ, ಮೀಟರು, ಬಣ್ಣ, ಜೋಡಿಸುವವರ ಕೂಲಿ, ಎಲ್ಲವೂ ಕರೆಯದೆ ಬರುವ ನೆಂಟರ ಹಾಗೆ ಬರುತ್ತವೆ. ಯಂತ್ರದ ಬೆಲೆಯನ್ನು ನಾಲ್ಕರಿಂದ ಗುಣಿಸಿದರೆ ನಿಜವಾದ ಖರ್ಚು. ಇಷ್ಟಕ್ಕೇ ಕಟ್ಟಿಕೊಡುತ್ತೇವೆಂದು ಕಂಪನಿ ಒಪ್ಪಂದ ಮಾಡಿಕೊಂಡಾಗಿದೆ, ಹೆಚ್ಚಾದದ್ದು ನಮ್ಮ ಗಂಟಿನಿಂದಲೇ ಹೋಗಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ನಾನು ರಿಟೈರ್ ಆಗುತ್ತೇನೆ, ಆಮೇಲೂ ಸಲಹೆಗಾರನಾಗಿ ಇರಿ ಎಂದಿದ್ದಾರೆ. ನನ್ನ ಅಂದಾಜು ಇವತ್ತಿನವರೆಗೆ ತಪ್ಪಿಲ್ಲ ಎಂಬ ಒಂದೇ ಕಾರಣಕ್ಕೆ.

ಕೊಬ್ಬು ಕತ್ತರಿಸಿದ್ದೇನೆ, ಮಾಂಸವನ್ನಲ್ಲ. ನಿಶ್ಚಿಂತೆಯಿಂದಿರು.

ಕತ್ತರಿ ಮಾವ


ನವೆಂಬರ್ 28

ಮಾವ,

ಕೊಬ್ಬು ಇರಲಿಲ್ಲ.

ಕಳೆದ ವರ್ಷ ಊಟಕ್ಕೆ ಕುಳಿತಾಗ ನೀವು ಏನೆಂದಿರಿ ಜ್ಞಾಪಕವಿದೆಯೇ? "ಡಿಸೈನಿನೋರಲ್ಲಿ ಒಬ್ಬರಾದ್ರೂ ನನಗೆ ನಿಜವಾದ ಅಂಕಿ ಕೊಟ್ಟಿದ್ದಾರಾ? ಎಲ್ಲಾ ಕಳ್ಳರೇ, ನೀನೂ ಸೇರಿ" ಎಂದಿರಿ. ಅತ್ತೆ ನಕ್ಕರು. ನಾನೂ ನಕ್ಕೆ, ಆದರೆ ಅದು ಮುಳ್ಳಿನ ಹಾಗೆ ಒಳಗೆ ಕೂತಿತು. ಈ ಕೆಲಸ ಕೈಗೆ ಬಂದಾಗ ಹಟ ಹಿಡಿದೆ. ಬೇಸಿಗೆಯ ನೀರಿನ ಬಿಸಿಗೆ, ಪೂರ್ತಿ ವೇಗಕ್ಕೆ ಎಷ್ಟು ಬೇಕೋ ಅಷ್ಟೇ ಬರೆದೆ. ಒಂದು ಚೂರೂ ಮೇಲೆ ಹಾಕಲಿಲ್ಲ. ಕಾರ್ಖಾನೆ ಶುರುವಾದ ಮೇಲೆ "ನೋಡಿ ಮಾವ, ಒಬ್ಬಳು ಕೊಟ್ಟಿದ್ದಾಳೆ" ಎಂದು ಹೇಳಿ ನಿಮ್ಮ ಮುಖ ನೋಡಬೇಕೆಂದಿದ್ದೆ. ಮೊದಲೇ ಹೇಳಬೇಕಿತ್ತು. ಮೂರ್ಖಿ ನಾನು.

ಬಾಸಿಗೆ ಎರಡು ಸಲ ಬರೆದೆ. "ಕತ್ತರಿ ಸರ್ ಒಪ್ಪಿದರೆ ನೋಡೋಣ" ಎನ್ನುತ್ತಾರೆ. ಕಾರ್ಖಾನೆಯ ಮ್ಯಾನೇಜರಿಗೆ ಹೇಳಿದರೆ, "ಡಿಸೈನಿನವರು ಹೆದರಿಸದೆ ಇದ್ದ ದಿನ ಯಾವುದಮ್ಮ?" ಎಂದು ನಗುತ್ತಾರೆ. ಅವರ ರೂಮಿಗೆ ಗೋಡೆಗೋಡೆಯೇ ಗಾಜು, ಕಾಲಿಟ್ಟರೆ ಹೂತುಹೋಗುವ ಕಾರ್ಪೆಟ್ಟು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ನಿಮ್ಮದೊಂದು ಸಾಲು ಸಾಕು. ಇದರಲ್ಲಿ ಕತ್ತರಿಸಬಾರದಿತ್ತು, ಇಪ್ಪತ್ತನಾಲ್ಕರ ಇನ್ನೊಂದು ಕೂಲರ್ ಬೇಕು ಎಂದು ಬರೆಯಿರಿ. ನನ್ನನ್ನು ಯಾರೂ ನಂಬುತ್ತಿಲ್ಲ. ನೀವು ನಂಬಿ.

ಚೂಟಿ


ಡಿಸೆಂಬರ್ 17

ಚೂಟೀ,

ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ, ಸಿಟ್ಟಿನಲ್ಲಿ ಬರೆಯಬಾರದೆಂದು.

ನಿಜ ಹೇಳು. ಆ ನೂರ ಇಪ್ಪತ್ತರಲ್ಲಿ ನಿನ್ನ ಕೈಯಿಂದ ಹಾಕಿದ್ದು ಎಷ್ಟು? ಬಯ್ಯುವುದಿಲ್ಲ. ಏನೂ ಇಲ್ಲ ಎಂದರೆ ನಂಬುವುದು ಹೇಗೆ? ನನ್ನ ಸರ್ವೀಸಿನಲ್ಲಿ ಆ ಜಾಗದಲ್ಲಿ ಸೊನ್ನೆಯನ್ನು ನಾನು ಕಂಡೇ ಇಲ್ಲ. ನೀನು ಬೇಕೆಂದು ಸೇರಿಸಿರಲಿಕ್ಕಿಲ್ಲ, ತಿಳಿಯದೆ ಸೇರಿಸಿರುತ್ತೀಯ. ನೀರನ್ನು ಇರುವುದಕ್ಕಿಂತ ಬಿಸಿ ಎಂದುಕೊಂಡಿರುತ್ತೀಯ, ಕೊಳವೆಯಲ್ಲಿ ಕೊಳೆ ಜಾಸ್ತಿ ಕೂರುತ್ತದೆ ಎಂದುಕೊಂಡಿರುತ್ತೀಯ. ಹೆದರುವವರ ಲೆಕ್ಕದಲ್ಲಿ ಹೆದರಿಕೆ ಎಲ್ಲಾದರೂ ಒಂದು ಕಡೆ ಅಡಗಿಯೇ ಇರುತ್ತದೆ.

ಮೊದಲ ಮೂರು ಬ್ಯಾಚು ಸಲೀಸಾಗಿ ಇಳಿದವು ಎಂದು ನಿಮ್ಮ ಮ್ಯಾನೇಜರಿನ ವರದಿ ಬಂದಿದೆ. ಇನ್ನೇನು ಬೇಕು? ಈಗ ಹೋಗಿ ನನ್ನ ಸೊಸೆಯ ಮಾತಿನ ಮೇಲೆ ದುಡ್ಡು ಬಿಚ್ಚಿ ಎಂದರೆ ನಾಲ್ಕು ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ನಿನ್ನ ಮೇಲಿನ ಪ್ರೀತಿ ಬೇರೆ, ಅಂಕಿ ಬೇರೆ.

ಚಳಿ ಜೋರಾಗಿದೆಯಂತೆ. ಕಿವಿ ಮುಚ್ಚಿಕೋ.

ಮಾವ


ಜನವರಿ 9

ಚೂಟಿಗೆ ಅತ್ತೆ ಮಾಡುವ ಆಶೀರ್ವಾದ.

ನನಗೆ ಕಾಗದ ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು. ನಿಮ್ಮ ಮಾವ ಕೊಡುವ ಕಾಗದದ ಜೊತೆ ಇದನ್ನು ಹಾಕಬೇಕೆಂದಿದ್ದೆ, ಅವರು ಬರೆಯುವುದನ್ನೇ ನಿಲ್ಲಿಸಿದ್ದಾರೆ. ಅವರ ಆಫೀಸಿನ ಜವಾನನ ಕೈಗೆ ಗುಟ್ಟಾಗಿ ಕೊಟ್ಟಿದ್ದೇನೆ.

ನೀವಿಬ್ಬರೂ ಯಾವುದೋ ಕೂಲರ್ ವಿಷಯಕ್ಕೆ ಮುನಿಸಿಕೊಂಡಿದ್ದೀರಿ ಅಂತ ಗೊತ್ತು. ನನಗೆ ಕೂಲರ್ ಗೊತ್ತಿಲ್ಲ, ಇವರು ಗೊತ್ತು. ಮದುವೆಯಾದ ಹೊಸದರಲ್ಲಿ ನನಗೆ ವಿಪರೀತ ತಲೆನೋವು ಬಂದಿತ್ತು. ಹೇಳಿದರೆ "ಅಷ್ಟೇನೂ ಇರಲ್ಲ ಬಿಡು" ಅಂದರು. ಅವತ್ತೇ ಕಲಿತುಕೊಂಡೆ. ಮೊಣಕಾಲು ನೋವು ಅನ್ನುವ ಬದಲು ಹೆಜ್ಜೆಯೇ ಇಡಲಾಗುತ್ತಿಲ್ಲ ಅನ್ನುತ್ತೇನೆ. ಆಗ ಇವರು ಸರಿಯಾಗಿ ಮೊಣಕಾಲು ನೋವಿಗೆ ಎಷ್ಟು ಬೇಕೋ ಅಷ್ಟು ಔಷಧ ತರುತ್ತಾರೆ! ಸಂಸಾರ ಹೀಗೇ ನಡೆದುಕೊಂಡು ಬಂದಿದೆ, ಇದನ್ನು ಯಾರೂ ಸುಳ್ಳು ಅಂತ ಅಂದುಕೊಂಡಿಲ್ಲ. ನೀನು ಯಾಕೆ ಇದನ್ನು ಕಲಿಯಲಿಲ್ಲ ಮಗಳೇ? ನನ್ನ ಕೈಯಲ್ಲೇ ಬೆಳೆದೆಯಲ್ಲ.

ಅವರಿಗೂ ಸಮಾಧಾನವಿಲ್ಲ. ತಟ್ಟೆ ಮುಂದೆ ಕೂತು ಏನೋ ಗುಣಾಕಾರ ಮಾಡುತ್ತಿರುತ್ತಾರೆ. ಕೇಳಿದರೆ ಎಗರಿ ಬೀಳುತ್ತಾರೆ.

ಇಂತಿ ನಿನ್ನ ಅತ್ತೆ


ಮಾರ್ಚ್ 23

ಮಾವ,

ಚಳಿಗಾಲದಲ್ಲಿ ನೀರು ತಣ್ಣಗಿತ್ತು, ಆದ್ದರಿಂದ ಬ್ಯಾಚುಗಳು ಇಳಿದವು. ನನ್ನ ಲೆಕ್ಕ ಬೇಸಿಗೆಯ ನೀರಿಗೆ ಎಂದು ಮೊದಲೇ ಬರೆದಿದ್ದೆ. ಈಗ ಬಿಸಿಲು ಏರಿದೆ. ವಾಲ್ವ್ ಅರ್ಧವೇ ತೆರೆದು ನಿಧಾನವಾಗಿ ಬಿಡಿ ಎಂದು ಕೈಮುಗಿದು ಕೇಳಿಕೊಂಡೆ. ಹಾಗೆ ಬಿಟ್ಟರೆ ಅಪಾಯವಿಲ್ಲ, ಆದರೆ ಒಪ್ಪಿಕೊಂಡಷ್ಟು ಮಾಲು ಬರುವುದಿಲ್ಲ. ಮ್ಯಾನೇಜರ್ ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ಆಪರೇಟರಮ್ಮನ ಪಾಳಿ. ಪೂರ್ತಿ ವೇಗದಲ್ಲಿ ಬಿಡುವಂತೆ ಆಕೆಗೆ ಹೇಳಿದ್ದರು. ಅರ್ಧ ತುಂಬುವಷ್ಟರಲ್ಲಿ ಬಿಸಿ ಏರತೊಡಗಿತು. ವಾಲ್ವ್ ಮುಚ್ಚಿದಳು. ಆದರೂ ಏರಿತು. ಒಳಗೆ ಆಗಲೇ ಸೇರಿಹೋಗಿದ್ದನ್ನು ಯಾವ ವಾಲ್ವ್ ತಡೆಯುತ್ತದೆ? ನಾನು ಮೆಟ್ಟಿಲ ಹತ್ತಿರ ಇದ್ದೆ. "ಎಲ್ಲಾ ಕೆಳಗೆ ಓಡಿ!" ಎಂದು ಆಕೆ ಕೂಗಿದ್ದು ಕೇಳಿತು. ಹಾಗೆ ಕೂಗಿದವಳು ತಾನು ಓಡಲಿಲ್ಲ. ಪಾತ್ರೆಯ ಅಡಿಗೆ ಬಗ್ಗಿ, ಇಡೀ ಬ್ಯಾಚನ್ನು ಕೆಳಗಿನ ನೀರಿನ ತೊಟ್ಟಿಗೆ ಇಳಿಸುವ ವಾಲ್ವನ್ನು ಎರಡೂ ಕೈಯಲ್ಲಿ ಎಳೆದಳು. ಹಬೆ ಎದ್ದಿತು. ಬೆರಳಿನಿಂದ ಮೊಣಕೈವರೆಗೆ ಬಲಗೈ ಬೆಂದಿದೆ.

ನಾವು ಹನ್ನೊಂದು ಜನ ಆ ಚೌಕಟ್ಟಿನೊಳಗಿದ್ದೆವು. ಎಲ್ಲರೂ ಬದುಕಿದ್ದೇವೆ. ಮ್ಯಾನೇಜರ್ ಆಕೆಯನ್ನು ಸಸ್ಪೆಂಡ್ ಮಾಡಿದ್ದಾರೆ. ಸುಮ್ಮನೆ ಗಾಬರಿಬಿದ್ದು ಒಂದು ಬ್ಯಾಚು ಹಾಳು ಮಾಡಿದಳಂತೆ, ಅಷ್ಟೇನೂ ಬಿಸಿ ಆಗಿರಲಿಲ್ಲವಂತೆ. ಆಸ್ಪತ್ರೆಯಲ್ಲಿ ನೋಡಲು ಹೋದರೆ ಆಕೆ ನನ್ನನ್ನೇ ಕೇಳಿದಳು, "ಮೇಡಂ, ನಾನು ಜಾಸ್ತಿ ಹೆದರಿಬಿಟ್ನಾ?"

ಇದಕ್ಕೆ ನಾನು ಏನು ಹೇಳಬೇಕಿತ್ತು ಮಾವ? ನೀವೇ ಹೇಳಿಕೊಡಿ.

ಕಾರ್ಖಾನೆ ಈಗ ನಿಂತಿದೆ. ಮತ್ತೆ ಶುರುಮಾಡುವ ಕಾಗದಕ್ಕೆ ನನ್ನ ಸಹಿ ಬೇಕು. ನಾನು ಹಾಕುವುದಿಲ್ಲ. ಹೆಚ್ಚು ದಿನ ತಡೆಯಲೂ ಆಗುವುದಿಲ್ಲ, ಸಹಿ ಹಾಕುವ ಇನ್ನೊಬ್ಬರನ್ನು ಕಳಿಸಿ ಎಂದು ಹೆಡ್ಡಾಫೀಸಿಗೆ ಆಗಲೇ ಕೇಳಿದ್ದಾರೆ.

ಚೂಟಿ


ಏಪ್ರಿಲ್ 6

ಮಗಳೇ,

ನಂಬಿದೆ. ನೂರ ಇಪ್ಪತ್ತೇ ನಿಜ. ನನ್ನ ಸ್ವಂತ ಮನೆಯ ಹುಡುಗಿಯ ಮಾತು ನಂಬಲು ಇನ್ಯಾರದೋ ಮನೆಯ ಹೆಣ್ಣುಮಗಳ ಕೈ ಬೇಯಬೇಕಾಯಿತು. ಇದನ್ನು ಬರೆಯುವಾಗ ನಾಚಿಕೆಯಿಂದ ಸಾಯುವಂತಾಗಿದೆ. ನಿನಗೇನಾದರೂ ಆಗಿದ್ದರೆ ಎಂದು ನಿಮ್ಮತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಡೈರೆಕ್ಟರುಗಳ ಮುಂದೆ ಹೋಗಿ ನಿಂತೆ. ಕತ್ತರಿಸಿದ್ದು ನಾನು, ಅಂಕಿ ನಿಜವಾಗಿತ್ತು, ಆಪರೇಟರಿನದು ಏನೂ ತಪ್ಪಿಲ್ಲ, ಇಪ್ಪತ್ತನಾಲ್ಕರ ಕೂಲರ್ ತಕ್ಷಣ ಬೇಕು ಎಂದು ಹೇಳಿ, ಬರೆದೂ ಕೊಟ್ಟೆ. ಸಲಹೆಗಾರನ ಕೆಲಸದ ಮಾತನ್ನು ಇನ್ನು ಯಾರೂ ಎತ್ತುವುದಿಲ್ಲ. ಹೋಗಲಿ. ಆಕೆಯ ಸಸ್ಪೆನ್ಷನ್ ತೆಗೆಯಲು ನಿಮ್ಮ ಮ್ಯಾನೇಜರಿಗೆ ಇಲ್ಲಿಂದ ಕಾಗದ ಹೊರಟಿದೆ.

ಆದರೆ ಕೇಳು. ನನ್ನ ಕುರ್ಚಿಗೆ ಬರುವವನು ನಾನೇ ಪಳಗಿಸಿದ ಶಿಷ್ಯ. ಕೂಲರಿನ ಫೈಲು ಅವನ ಮೇಜಿಗೆ ಹೋಯಿತು. ಹತ್ತೊಂಬತ್ತಕ್ಕೆ ಮಂಜೂರು ಮಾಡಿದ್ದಾನೆ. ಯಾಕಪ್ಪಾ ಎಂದರೆ, "ಸರ್, ಅಪಘಾತ ಆದ ಮೇಲೆ ಯಾರೇ ಆದ್ರೂ ಸ್ವಲ್ಪ ಜಾಸ್ತೀನೇ ಕೇಳ್ತಾರೆ. ನೀವೇ ಹೇಳಿಕೊಟ್ಟಿದ್ದು" ಎಂದ. ಮರ್ಯಾದೆಯಿಂದಲೇ ಹೇಳಿದ, ಕುರ್ಚಿ ಬಿಟ್ಟು ಎದ್ದು ನಿಂತು.

ಮೂವತ್ತು ಎಂದು ಬರೆದಿದ್ದರೆ ಅವನು ಇಪ್ಪತ್ತನಾಲ್ಕು ಕೊಡುತ್ತಿದ್ದ. ನನಗೆ ಬರೆಯುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತನಾಲ್ಕೇ ಬರೆದೆ. ನೀನು ನನಗೆ ಹಾಗೆ ಕೊಟ್ಟಿದ್ದೆ, ನಿನ್ನ ಅಂಕಿಯನ್ನು ಒಂದು ಸಲವಾದರೂ ನಾನು ಹಾಗೇ ಮುಂದಕ್ಕೆ ಕೊಡಬೇಕು ಅನ್ನಿಸಿತು.

ಮಾವ


ಏಪ್ರಿಲ್ 14

ಮಾವ,

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ನಿಮ್ಮ ಪ್ರಾಮಾಣಿಕತೆಯಿಂದ ನನ್ನ ನೀರು ತಣ್ಣಗಾಗುವುದಿಲ್ಲ. ಹತ್ತೊಂಬತ್ತು ಸಾಲದು. ನೀವು ನನಗೆ ಮರ್ಯಾದೆ ಕೊಟ್ಟಿರಿ, ನನಗೆ ಬೇಕಾದದ್ದು ಕೂಲರ್.

ಇವತ್ತು ನಾನೇ ಬರೆದೆ. ನೀರಿನ ಬಿಸಿ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು, ಕೊಳವೆಯಲ್ಲಿ ಕೊಳೆಯೂ ಹೆಚ್ಚು, ಹೊಸ ಲೆಕ್ಕದ ಪ್ರಕಾರ ಮೂವತ್ತು ಬೇಕು, ಅದಕ್ಕೆ ಕಡಿಮೆಯಾದರೆ ಸಹಿ ಹಾಕುವುದಿಲ್ಲ ಎಂದು. ಎರಡೂ ಸುಳ್ಳು. ನೀವು ಡಿಸೆಂಬರಿನಲ್ಲಿ ನಾನು ತಿಳಿಯದೆ ಹೇಳಿರಬಹುದು ಎಂದಿರಲ್ಲ, ಅವೇ ಎರಡು ಸುಳ್ಳು. ಹುಡುಕಿಕೊಂಡು ಹೋಗುವ ಕಷ್ಟವಿರಲಿಲ್ಲ.

ಒಂದಕ್ಷರವನ್ನೂ ಹೊಡೆದುಹಾಕದೆ ಒಂದೇ ಸಲಕ್ಕೆ ಬರೆದು ಮುಗಿಸಿದೆ. ಅದಕ್ಕೇ ಹೆದರಿಕೆಯಾಯಿತು.

ಚೂಟಿ


ಮೇ 2

ಚೂಟೀ,

ಶಿಷ್ಯ ಮನೆಗೆ ಬಂದಿದ್ದ, ಸ್ವೀಟು ಹಿಡಿದುಕೊಂಡು. ಹೆಮ್ಮೆಯಿಂದ ಹೇಳಿದ, "ಸರ್, ನಿಮ್ಮ ಸೊಸೆ ಮೂವತ್ತು ಕೇಳಿದ್ರು. ಇಪ್ಪತ್ತನಾಲ್ಕಕ್ಕೆ ಇಳಿಸ್ದೆ. ಬೇಜಾರಿಲ್ಲ ತಾನೇ?"

"ಚೆನ್ನಾಗಿ ಕತ್ತರಿಸಿದೆ ಕಣಯ್ಯ" ಎಂದೆ. ಒಳಗಿನಿಂದ ನಿಮ್ಮತ್ತೆ ಲೋಟ ಬೀಳಿಸಿದಳು. ನಗು ತಡೆಯಲಾಗಲಿಲ್ಲವಂತೆ.

ನನಗೆ ನಗು ಬರಲಿಲ್ಲ. ನಿನ್ನ ಸುಳ್ಳು ಒಳ್ಳೆಯ ಕೆಲಸ ಮಾಡಿತು, ನನ್ನ ನಿಜ ಮಾಡಲಿಲ್ಲ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ಮುಂದಿನ ಕಾರ್ಖಾನೆಗೂ ನೀನು ಹೀಗೇ ಬರೆಯುತ್ತೀಯಾ?

ಮಾವ


ಜೂನ್ 11

ಮಾವ,

ಕೂಲರ್ ಬಂದು, ಜೋಡಿಸಿಯೂ ಆಯಿತು. ಸರಿಯಾಗಿ ಇಪ್ಪತ್ತನಾಲ್ಕು. ಹಳೆಯದರ ಪಕ್ಕದಲ್ಲಿ ತಮ್ಮನ ಹಾಗೆ ನಿಂತಿದೆ. ಈಗ ಬೇಕಾದಷ್ಟು ಇದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ನಾಲ್ಕು ಸಲ ಕೂತು ಎದ್ದೆ. ಮುಂದಿನ ಕಾರ್ಖಾನೆಯ ಲೆಕ್ಕ ಆಗಲೇ ನನ್ನ ಮೇಜಿನ ಮೇಲಿದೆ. ಪ್ರತಿಯೊಂದು ಅಂಕಿಯ ಪಕ್ಕವೂ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಈಗ ಹೇಳಲಾರೆ.

ಆಪರೇಟರಮ್ಮ ಸೋಮವಾರ ಕೆಲಸಕ್ಕೆ ಬಂದಳು. ಬಲಗೈಗೆ ಬಟ್ಟೆಯ ಪಟ್ಟಿ, ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಮ್ಯಾನೇಜರ್ ಎದುರಿಗೆ ಬಂದು ಚೆನ್ನಾಗಿದ್ದೀಯಾ ಎಂದರು, ಚೆನ್ನಾಗಿದ್ದೀನಿ ಸಾರ್ ಎಂದಳು. ಬೆಳಗ್ಗೆ ಮೊದಲ ಬ್ಯಾಚಿಗೆ ನಾನು ಸಹಿ ಹಾಕಿ, ಆಕೆಯ ಜೊತೆಗೇ ಮೇಲಕ್ಕೆ ಹತ್ತಿದೆ. ಆಕೆ ಎರಡೂ ಕೂಲರುಗಳನ್ನು ಬಹಳ ಹೊತ್ತು ನೋಡಿದಳು.

"ಈಗ ಸಾಕಾ ಮೇಡಂ?"

"ಸಾಕು. ಪೂರ್ತಿ ಬಿಡಬಹುದು."

"ನಿಜವಾಗ್ಲೂ?"

"ನಿಜವಾಗ್ಲೂ. ನಾನೇ ಲೆಕ್ಕ ಹಾಕಿದ್ದೀನಿ."

ತಲೆಯಾಡಿಸಿದಳು. ಎಡಗೈಯಿಂದ ವಾಲ್ವಿನ ಚಕ್ರ ಹಿಡಿದು ತಿರುಗಿಸತೊಡಗಿದಳು. ಪೂರ್ತಿ ತೆರೆಯಲು ಐದು ಸುತ್ತು. ನಾಲ್ಕು ಸುತ್ತು ತಿರುಗಿಸಿ ಕೈ ತೆಗೆದಳು. ನನ್ನ ಮುಖ ನೋಡದೆಯೇ, "ಇಷ್ಟಿರ್ಲಿ ಮೇಡಂ, ಬೇಜಾರ್ ಮಾಡ್ಕೋಬೇಡಿ" ಎಂದಳು.

ಐದನೇ ಸುತ್ತನ್ನು ನಾನೂ ತಿರುಗಿಸಲಿಲ್ಲ ಮಾವ. ಆಕೆಯ ಪಕ್ಕದಲ್ಲೇ ನಿಂತೆ.

ಚೂಟಿ